ರಾತ್ರಿ ಏಳುವುದು ಮತ್ತು ಮೂತ್ರಕೋಶದ ವಯಸ್ಸು

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆಯ ಮದುವೆ ಮನೆಗಳಲ್ಲಿ ಊಟ ಮುಗಿಸಿ, ಕವಳ ಹಾಕಿಕೊಂಡು ಚಪ್ಪರದ ಅಂಚಿನಲ್ಲಿ ಕೂತ ಹಿರಿಯ ಗಂಡಸರು ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ನೋವು ಎಲ್ಲದರ ಬಗ್ಗೆಯೂ ಯಾವ ಸಂಕೋಚವಿಲ್ಲದೆ ಮಾತನಾಡುತ್ತಾರೆ. ಯಾರಿಗೆ ಯಾವ ಮಾತ್ರೆ, ಯಾವ ಡಾಕ್ಟರು ಎಂಬುದೆಲ್ಲ ಅಲ್ಲಿ ವಿನಿಮಯವಾಗುತ್ತದೆ. ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋಗಬೇಕಾಗುತ್ತದೆ ಎಂಬ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮನೆಯೊಳಗೂ ಅಷ್ಟೆ, 'ವಯಸ್ಸಾಯ್ತಲ್ಲ, ಇನ್ನೇನು' ಎಂದು ಅದು ಮುಗಿದುಹೋಗುತ್ತದೆ. ವಯಸ್ಸು ಕಾರಣವೆಂಬುದು ಸುಳ್ಳಲ್ಲ. ಆದರೆ ಆ ಮಾತಿನ ಅಡಿಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ, ಒಂದೊಂದಕ್ಕೂ ಪರಿಹಾರ ಬೇರೆ, ಮತ್ತು ಅವುಗಳನ್ನು ಬೇರ್ಪಡಿಸಿ ನೋಡದೆ ಸುಮ್ಮನೆ ಸಹಿಸಿಕೊಂಡಿರುವುದರಿಂದ ನಮ್ಮವರು ಅನಗತ್ಯವಾಗಿ ನಿದ್ದೆಗೆಡುತ್ತಿದ್ದಾರೆ, ಕೆಲವರು ಮೂತ್ರಪಿಂಡವನ್ನೇ ಕೆಡಿಸಿಕೊಳ್ಳುತ್ತಿದ್ದಾರೆ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಅಡಿಕೆ ತೋಟ ನೋಡಿಕೊಂಡಿರುವವನು. ನನಗೇ ಈ ತೊಂದರೆ ಬಂದ ಮೇಲೆ ವೈದ್ಯರಿಂದ ಕೇಳಿ, ಓದಿ, ಸಾಧ್ಯವಾದಷ್ಟು ಖಚಿತಪಡಿಸಿಕೊಂಡು ತಿಳಿದ ಸಂಗತಿಗಳು ಇವು.

ಮೂತ್ರಕೋಶಕ್ಕೆ ಇರುವುದು ಎರಡೇ ಕೆಲಸ. ಮೂತ್ರಪಿಂಡಗಳು ಹಗಲಿರುಳು ಸೋಸಿ ಕಳುಹಿಸುವುದನ್ನು ಸದ್ದಿಲ್ಲದೆ ಹಿಡಿದಿಟ್ಟುಕೊಳ್ಳುವುದು ಒಂದು, ಅನುಕೂಲವಾದ ಹೊತ್ತಿನಲ್ಲಿ ಪೂರ್ತಿಯಾಗಿ ಖಾಲಿ ಮಾಡುವುದು ಇನ್ನೊಂದು. ಆರೋಗ್ಯವಂತ ವಯಸ್ಕನೊಬ್ಬನಲ್ಲಿ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ಮೂತ್ರ ತಯಾರಾಗುತ್ತದೆ. ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. 150–200 ಮಿಲಿಲೀಟರ್ ತುಂಬುವ ಹೊತ್ತಿಗೆ ಮೊದಲ ಸೂಚನೆ ಬರುತ್ತದೆ. ಆ ಸೂಚನೆ ಬಂದರೂ 'ಈಗ ಬೇಡ, ಇನ್ನೊಂದು ಗಂಟೆ ಇರಲಿ' ಎಂದು ತಡೆದು ನಿಲ್ಲಿಸುವುದು ಮಿದುಳಿನ ಮುಂಭಾಗ. ಮೂತ್ರಕೋಶದ ಗೋಡೆಯಲ್ಲಿ ಡೆಟ್ರೂಸರ್ ಎಂಬ ಸ್ನಾಯುವಿದೆ. ತುಂಬುವಾಗ ಅದು ಸಡಿಲವಾಗಿದ್ದು ಹಿಗ್ಗುತ್ತದೆ, ಖಾಲಿ ಮಾಡುವಾಗ ಸಂಕುಚಿಸುತ್ತದೆ, ಅದೇ ಹೊತ್ತಿಗೆ ಕೆಳಗಿನ ಬಿಗಿಸ್ನಾಯು ತೆರೆದುಕೊಳ್ಳುತ್ತದೆ.

ಮೊದಲನೆಯ ತೊಂದರೆ ಮೂತ್ರಕೋಶದ್ದೇ. ವಯಸ್ಸಾದಂತೆ ಈ ಸ್ನಾಯುವಿನ ಎಳೆಗಳ ನಡುವೆ ಕೊಲ್ಯಾಜನ್ ಎಂಬ ನಾರಿನಂಶ ಹೆಚ್ಚುತ್ತದೆ. ಗೋಡೆ ಮೊದಲಿನಷ್ಟು ಹಿಗ್ಗುವುದಿಲ್ಲ, ಹಿಡಿಯುವ ಪ್ರಮಾಣ ಕಡಿಮೆಯಾಗುತ್ತದೆ, ಸಂಕುಚಿಸುವ ಬಲವೂ ಕುಂದುತ್ತದೆ, ಮತ್ತು ಪ್ರತಿ ಸಲವೂ ಒಳಗೆ ಒಂದಿಷ್ಟು ಉಳಿದುಕೊಳ್ಳತೊಡಗುತ್ತದೆ. ರಕ್ತನಾಳಗಳು ಗಡುಸಾದವರಲ್ಲಿ ಮೂತ್ರಕೋಶಕ್ಕೆ ಹರಿಯುವ ರಕ್ತವೂ ಕಡಿಮೆಯಾಗುತ್ತದೆ. ಸೂಚನೆ ಬರುವ ರೀತಿ ಕೂಡ ಬದಲಾಗುತ್ತದೆ: ಯೌವನದಲ್ಲಿ ಮೊದಲ ಸೂಚನೆಗೂ ನಿಜವಾದ ಅವಸರಕ್ಕೂ ನಡುವೆ ಧಾರಾಳವಾಗಿ ಸಮಯವಿರುತ್ತಿತ್ತು, ಈಗ ಸೂಚನೆ ತಡವಾಗಿ ಬರುತ್ತದೆ, ಬಂದಾಗ ಅವಸರವನ್ನು ಜೊತೆಗೇ ಕರೆತರುತ್ತದೆ. ತೋಟದ ಕೆಳ ತುದಿಯಲ್ಲಿ ಇದ್ದವನು ಮನೆ ತಲುಪುವಷ್ಟರಲ್ಲಿ ಪಂಚೆ ಒದ್ದೆಯಾದರೆ ಅದು ಅವನ ಅಜಾಗರೂಕತೆಯಲ್ಲ, ನಾಚಿಕೆಪಡುವ ಸಂಗತಿಯೂ ಅಲ್ಲ.

ಇದರಲ್ಲಿ ನನಗೆ ಅತ್ಯಂತ ಆಶ್ಚರ್ಯ ಉಂಟುಮಾಡಿದ ಸಂಗತಿಯೆಂದರೆ, ಒಂದೇ ಮೂತ್ರಕೋಶ ಅತಿ ಚುರುಕೂ ಅತಿ ದುರ್ಬಲವೂ ಆಗಿರಬಹುದು ಎಂಬುದು. ಕರೆಯದೇ ಇದ್ದಾಗ ತಾನಾಗಿ ಸಂಕುಚಿಸಿ ಅವಸರ ಮಾಡುತ್ತದೆ, ನಿಜವಾಗಿ ಖಾಲಿ ಮಾಡಬೇಕಾದಾಗ ಬಲ ಸಾಲದೆ ಅರ್ಧಕ್ಕೆ ನಿಲ್ಲಿಸುತ್ತದೆ. ವೃದ್ಧರಲ್ಲಿ ಕಾಣುವ ಈ ವಿಚಿತ್ರ ಜೋಡಿಯನ್ನು 1987ರಲ್ಲಿ ಅಮೆರಿಕದ ವೈದ್ಯರಾದ ನೀಲ್ ರೆಸ್ನಿಕ್ ಮತ್ತು ಸುಬ್ಬರಾವ್ ಯಲ್ಲಾ ಅವರು ಗುರುತಿಸಿ ವಿವರಿಸಿದರು. ಇಂಥವರಿಗೆ ಮೂತ್ರಕೋಶವನ್ನು ಸಡಿಲಗೊಳಿಸುವ ಮಾತ್ರೆಯನ್ನು ಹಿಂದುಮುಂದು ನೋಡದೆ ಕೊಟ್ಟರೆ ಅವಸರವೇನೋ ತಗ್ಗಬಹುದು, ಆದರೆ ಒಳಗೆ ಉಳಿಯುವ ಮೂತ್ರ ಹೆಚ್ಚಾಗಿ ಒಂದು ದಿನ ಪೂರ್ತಿ ಕಟ್ಟಿಕೊಳ್ಳಲೂಬಹುದು. ಪಕ್ಕದ ಮನೆಯವರಿಗೆ ಹಿಡಿಸಿದ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಮೆಡಿಕಲ್ ಸ್ಟೋರಿಗೆ ಹೋಗುವ ಪದ್ಧತಿ ಈ ವಿಷಯದಲ್ಲಿ ಖಂಡಿತ ಬೇಡ.

ಎರಡನೆಯದು ಪ್ರಾಸ್ಟೇಟ್ ಗ್ರಂಥಿಯದ್ದು. ಮೂತ್ರಕೋಶದ ಕುತ್ತಿಗೆಯ ಕೆಳಗೆ ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಈ ಗ್ರಂಥಿ ಯೌವನದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ, ನಲವತ್ತರ ನಂತರ ಹಾರ್ಮೋನುಗಳ ಪ್ರಭಾವದಿಂದ ನಿಧಾನವಾಗಿ ಬೆಳೆಯತೊಡಗುತ್ತದೆ. ಅರವತ್ತರ ಹೊತ್ತಿಗೆ ಸರಿಸುಮಾರು ಅರ್ಧದಷ್ಟು ಗಂಡಸರಲ್ಲಿ, ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಜನರಲ್ಲಿ ಈ ಬೆಳವಣಿಗೆಯ ಗುರುತು ಇರುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವಂಥದ್ದೂ ಅಲ್ಲ. ಇದರ ಪರಿಣಾಮ ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವಾಗ ನಾಜಲ್‌ನಲ್ಲಿ ಸುಣ್ಣದ ಗಸಿ ಕಟ್ಟಿಕೊಂಡರೆ ಕೆಳಗೆ ಪಂಪು ಹಾಕುವವನು ಎಷ್ಟು ಬಲ ಹಾಕಿದರೂ ಮೇಲೆ ಗೊನೆಗೆ ತಲುಪುವುದು ಸಣ್ಣ ಎಳೆ ಮಾತ್ರ. ಮೊದಮೊದಲು ಅವನು ಹೆಚ್ಚು ಬಲ ಹಾಕಿ ಹೇಗೋ ನಿಭಾಯಿಸುತ್ತಾನೆ, ಮಧ್ಯಾಹ್ನದ ಹೊತ್ತಿಗೆ ಅವನ ರಟ್ಟೆಯೇ ಸೋಲುತ್ತದೆ. ಮೂತ್ರಕೋಶದ ಸ್ನಾಯುವೂ ಹಾಗೆಯೇ ಮೊದಲು ದಪ್ಪಗಾಗುತ್ತದೆ, ಕೆರಳುತ್ತದೆ, ವರ್ಷಗಟ್ಟಲೆ ಹೀಗೇ ನಡೆದರೆ ಸೋತು ಚೀಲದಂತೆ ಜೋತುಬೀಳುತ್ತದೆ. ಸೋತ ಮೇಲೆ ನಾಜಲ್ ಬಿಡಿಸಿದರೂ ಪೂರ್ತಿ ಬಲ ಮರಳಿ ಬರುತ್ತದೆಂಬ ಭರವಸೆಯಿಲ್ಲ. ಬೇಗ ತೋರಿಸಿಕೊಳ್ಳಬೇಕೆಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೇ ಮುಖ್ಯ ಕಾರಣ.

ಸ್ಕ್ಯಾನಿಂಗ್ ವರದಿಯಲ್ಲಿ 'ಗ್ರೇಡ್ 2 ಪ್ರಾಸ್ಟಟೋಮೆಗಲಿ' (ಎಂದರೆ ಪ್ರಾಸ್ಟೇಟ್ ದೊಡ್ಡದಾಗಿದೆ) ಎಂದು ಬರೆದಿರುವುದನ್ನು ಕಂಡು ಗಾಬರಿಯಾಗುವವರು ಬಹಳ. ಗ್ರಂಥಿಯ ಗಾತ್ರಕ್ಕೂ ತೊಂದರೆಯ ಮಟ್ಟಕ್ಕೂ ನೇರ ಸಂಬಂಧವಿಲ್ಲ. ದೊಡ್ಡ ಗ್ರಂಥಿಯಿದ್ದೂ ಸಲೀಸಾಗಿ ಹೋಗುವವರಿದ್ದಾರೆ, ಸಣ್ಣ ಗ್ರಂಥಿಯೇ ಮೂತ್ರಕೋಶದ ಕುತ್ತಿಗೆಯನ್ನು ಬಿಗಿದು ಕಾಡುವುದೂ ಉಂಟು. ವರದಿಯಲ್ಲಿ ಗ್ರೇಡಿಗಿಂತ ಮುಖ್ಯವಾಗಿ ನೋಡಬೇಕಾದದ್ದು, ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂಬ ಅಂಕಿಯನ್ನು. ಅದರಲ್ಲೂ ಒಂದು ಎಚ್ಚರ ಬೇಕು: ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ, ಸ್ಕ್ಯಾನಿಂಗ್‌ಗೆಂದು ಲೀಟರುಗಟ್ಟಲೆ ನೀರು ಕುಡಿದು, ಸರದಿ ಬರುವವರೆಗೆ ತಡೆದುಕೊಂಡು ಕೂತರೆ ಮೂತ್ರಕೋಶ ಮಿತಿಮೀರಿ ಹಿಗ್ಗಿರುತ್ತದೆ, ಆಗ ಪೂರ್ತಿ ಖಾಲಿಯಾಗದೆ ಉಳಿಕೆ ಸುಳ್ಳೇ ಹೆಚ್ಚಾಗಿ ತೋರಬಹುದು. ಸಾಮಾನ್ಯವಾಗಿ ಅವಸರವಾಗುವಷ್ಟು ತುಂಬಿದಾಗಲೇ ಅಲ್ಲಿನ ಸಿಬ್ಬಂದಿಗೆ ಹೇಳಿ ಒಳಗೆ ಹೋಗಬೇಕು, ಅನುಮಾನವಿದ್ದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು.

ಮೂರನೆಯದು ರಾತ್ರಿಯ ಮೂತ್ರದ ಪ್ರಮಾಣ. ನಮ್ಮಲ್ಲಿ ಹೆಚ್ಚಿನವರು ಗಮನಿಸದೆ ಬಿಡುವುದು ಇದನ್ನೇ, ಏಕೆಂದರೆ ಇದು ಮೂತ್ರಕೋಶದ ದೋಷವೂ ಅಲ್ಲ, ಪ್ರಾಸ್ಟೇಟಿನ ದೋಷವೂ ಅಲ್ಲ. ಚಿಕ್ಕ ವಯಸ್ಸಿನಲ್ಲಿ ರಾತ್ರಿಯಾಗುತ್ತಿದ್ದಂತೆ ಮಿದುಳಿನಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗಿ, ಮೂತ್ರಪಿಂಡಗಳು ನೀರನ್ನು ಉಳಿಸಿಕೊಂಡು ಸ್ವಲ್ಪವೇ ಮೂತ್ರ ತಯಾರಿಸುತ್ತವೆ. ವಯಸ್ಸಾದಂತೆ ಈ ರಾತ್ರಿಯ ಏರಿಕೆ ತಗ್ಗುತ್ತದೆ. ಅದರ ಮೇಲೆ, ಇಡೀ ದಿನ ತೋಟದಲ್ಲಿ ನಿಂತು ಕೆಲಸ ಮಾಡಿಸುವವರ, ಅಂಗಡಿಯಲ್ಲಿ ಕಾಲು ಇಳಿಬಿಟ್ಟು ಕೂರುವವರ ಪಾದಗಳಲ್ಲಿ ಸಂಜೆಯ ಹೊತ್ತಿಗೆ ನೀರು ಸೇರಿರುತ್ತದೆ. ಬಿ.ಪಿ.ಗೆ ತೆಗೆದುಕೊಳ್ಳುವ ಆಮ್ಲೋಡಿಪಿನ್ ಕೆಲವರಲ್ಲಿ ಈ ಬಾವನ್ನು ಹೆಚ್ಚಿಸುತ್ತದೆ. ಹಾಸಿಗೆಯ ಮೇಲೆ ಕಾಲು ಚಾಚಿದ ಕೂಡಲೇ ಆ ನೀರು ರಕ್ತಕ್ಕೆ ಮರಳಿ, ಮೂತ್ರಪಿಂಡಕ್ಕೆ ಬಂದು, ನಡುರಾತ್ರಿ ಎಬ್ಬಿಸುತ್ತದೆ. ಸಂಜೆ ಕಾಲುಚೀಲ ಬಿಚ್ಚಿದಾಗ ಅದರ ಅಂಚಿನ ಗುರುತು ಹಳ್ಳದಂತೆ ಉಳಿದಿದ್ದರೆ ಅನುಮಾನಿಸಬಹುದು. ಅಂಥವರು ಮಧ್ಯಾಹ್ನದ ನಂತರ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟು ಮಲಗಿದರೆ ರಾತ್ರಿ ಹೋಗಬೇಕಾದದ್ದು ಸಂಜೆಯೇ ಹೋಗುತ್ತದೆ. ಕಾಲು ಬಾವು ಹೊಸದಾಗಿ ಬಂದದ್ದಾದರೆ ಹೃದಯ ಮತ್ತು ಮೂತ್ರಪಿಂಡಗಳನ್ನೂ ಒಮ್ಮೆ ನೋಡಿಸಬೇಕು. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರಲ್ಲಿ ಕೂಡ ರಾತ್ರಿಯ ಮೂತ್ರ ಹೆಚ್ಚುತ್ತದೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಲ್ಲಿ ಹಗಲೂ ರಾತ್ರಿಯೂ ಹೆಚ್ಚುತ್ತದೆ.

ಮಲೆನಾಡಿನ ಮಳೆಗಾಲದ ರಾತ್ರಿಯೂಟವನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಸಂಜೆ ಚಳಿಗೆಂದು ಎರಡು ಸಲ ಕಾಫಿ, ಕತ್ತಲಾದ ಮೇಲೆ ಜೀರಿಗೆ ಕಷಾಯ, ಊಟಕ್ಕೆ ಗಂಜಿ ಅಥವಾ ಅನ್ನದ ಜೊತೆ ಸಾರು, ತಂಬುಳಿ, ಕೊನೆಗೆ ಲೋಟದ ತುಂಬ ಮಜ್ಜಿಗೆ, ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಇದು ನನಗೂ ಪ್ರಿಯವಾದ ಊಟವೇ, ಅದನ್ನು ಬಿಡಿ ಎಂದು ಯಾರಿಗೂ ಹೇಳಲಾರೆ. ಆದರೆ ನೀರಿನಂಶವೂ ಉಪ್ಪೂ ಮಲಗುವ ಮುಂಚಿನ ಎರಡು ಮೂರು ಗಂಟೆಗಳಲ್ಲೇ ಒಟ್ಟಾಗಿ ಸೇರುವುದರಿಂದ ರಾತ್ರಿ ಏಳುವುದು ಹೆಚ್ಚುತ್ತದೆ. ಊಟವನ್ನು ಬೇಗ ಮಾಡಿ, ಉಪ್ಪನ್ನು ತಗ್ಗಿಸಿ, ಕಷಾಯವನ್ನು ಸಂಜೆಯ ಮೊದಲ ಭಾಗಕ್ಕೆ ಸರಿಸಿದರೆ ಬಹಳಷ್ಟು ಜನರಿಗೆ ವ್ಯತ್ಯಾಸ ಕಾಣುತ್ತದೆ. ಕಾಫಿಯಲ್ಲಿರುವ ಕೆಫೀನ್ ಮೂತ್ರವನ್ನು ಹೆಚ್ಚಿಸುವುದಲ್ಲದೆ ಮೂತ್ರಕೋಶವನ್ನು ಕೆರಳಿಸುತ್ತದೆ. ಹಾಗೆಂದು ದಿನವಿಡೀ ನೀರು ಬಿಡುವುದು ಪರಿಹಾರವಲ್ಲ. ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕಾದ ಹಿಂದಿನ ದಿನದಿಂದಲೇ ನೀರು ನಿಲ್ಲಿಸುವ ಹಿರಿಯರನ್ನು ನಾನು ಬಲ್ಲೆ. ಗಾಢವಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕಿಗೂ ಕಲ್ಲಿಗೂ ದಾರಿ ಮಾಡುತ್ತದೆ, ಮಲಬದ್ಧತೆ ತರುತ್ತದೆ, ಮತ್ತು ಗಟ್ಟಿಯಾದ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ ಖಾಲಿಯಾಗದಂತೆ ಮಾಡುತ್ತದೆ.

ಈ ಮೂರರಲ್ಲಿ ತನ್ನದು ಯಾವುದು ಎಂದು ತಿಳಿಯುವುದಕ್ಕೆ ಬೇಕಾಗುವುದು ಒಂದು ಅಳತೆಯ ಪಾತ್ರೆ, ಒಂದು ಪುಸ್ತಕ, ಮೂರು ದಿನದ ತಾಳ್ಮೆ. ನಮ್ಮಲ್ಲಿ ಅನೇಕ ತೋಟಗಾರರ ಮನೆಯಲ್ಲಿ ಮಳೆ ಅಳೆದು ಬರೆದಿಡುವ ಪುಸ್ತಕವಿದೆ. ಬೆಳಿಗ್ಗೆ ಎದ್ದು ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ತಾರೀಖಿನ ಎದುರು ಮಿಲಿಮೀಟರ್ ಬರೆಯುವ ಶಿಸ್ತು ನಮಗೆ ಹೊಸದಲ್ಲ. ನಾನು ಅಂಥದ್ದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗೆರೆ ಎಳೆದು, ಹೊತ್ತು, ಕುಡಿದದ್ದು, ಹೋದ ಮೂತ್ರದ ಅಳತೆ, ಅವಸರವಾಯಿತೇ ಎಂಬ ನಾಲ್ಕು ಕಾಲಂ ಮಾಡಿಕೊಂಡೆ. ಮಲಗಿದ ನಂತರ ಹೋದದ್ದೆಲ್ಲವನ್ನೂ ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರವನ್ನೂ ಕೂಡಿಸಿದರೆ ರಾತ್ರಿಯ ಲೆಕ್ಕ ಸಿಗುತ್ತದೆ. ವಯಸ್ಸಾದವರಲ್ಲಿ ಅದು ಇಡೀ ದಿನದ ಮೊತ್ತದ ಮೂರನೇ ಒಂದು ಭಾಗ ಮೀರಿದರೆ ತೊಂದರೆ ರಾತ್ರಿಯ ಉತ್ಪಾದನೆಯದ್ದು. ಹಗಲೂ ರಾತ್ರಿಯೂ ಪ್ರತಿ ಸಲ ನೂರು, ನೂರೈವತ್ತು ಮಿಲಿಲೀಟರಿನಷ್ಟೇ ಹೋಗುತ್ತಿದ್ದರೆ ಮೂತ್ರಕೋಶ ಹಿಡಿಯುತ್ತಿಲ್ಲ, ಇಲ್ಲವೇ ಖಾಲಿಯಾಗುತ್ತಿಲ್ಲ. ನನ್ನ ಲೆಕ್ಕದಲ್ಲಿ ರಾತ್ರಿಯ ಪಾಲು ಮೂರನೇ ಒಂದನ್ನು ಸಾಕಷ್ಟು ಮೀರಿತ್ತು. ವೈದ್ಯರು ಆ ಹಾಳೆಯನ್ನು ನೋಡಿದ ಮೇಲೆ ಮಾತಿನ ದಿಕ್ಕೇ ಬದಲಾಯಿತು. ಪ್ರಾಸ್ಟೇಟಿನಿಂದ ಕಾಲು ಬಾವಿಗೆ, ಅಲ್ಲಿಂದ ಬಿ.ಪಿ. ಮಾತ್ರೆಗೆ ಬಂತು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಯಾವ ಹೊತ್ತಿಗೆ ನುಂಗುತ್ತಿದ್ದೇವೆ ಎಂಬುದನ್ನೂ ಆ ಪುಸ್ತಕದಲ್ಲಿ ಬರೆದು ತೋರಿಸಬೇಕು, ಹೊತ್ತು ಬದಲಿಸುವುದು ಮಾತ್ರ ವೈದ್ಯರ ನಿರ್ಧಾರವಾಗಿರಲಿ.

ಮಳೆಗಾಲದ ಶೀತದ ಮಾತ್ರೆಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಆಷಾಢದಲ್ಲಿ ನಮ್ಮ ಮನೆಗಳಲ್ಲಿ ನೆಗಡಿಯಿಲ್ಲದವರು ಅಪರೂಪ, ಅಂಗಡಿಯಿಂದ ತಂದ ಶೀತದ ಮಾತ್ರೆ ಪ್ರತಿ ಮನೆಯ ಗೂಡಿನಲ್ಲೂ ಇರುತ್ತದೆ. ಅವುಗಳಲ್ಲಿರುವ ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಮೊದಲಾದವು ಮೂಗಿನ ರಕ್ತನಾಳಗಳ ಜೊತೆಗೆ ಮೂತ್ರಕೋಶದ ಕುತ್ತಿಗೆಯನ್ನೂ ಬಿಗಿಯುತ್ತವೆ. ಕ್ಲೋರ್‌ಫೆನಿರಮಿನ್‌ನಂಥ ಅಲರ್ಜಿಯ ಔಷಧ ಸ್ನಾಯುವಿನ ಬಲವನ್ನು ತಗ್ಗಿಸುತ್ತದೆ. ಅದಾಗಲೇ ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಎರಡೂ ಸೇರಿ ಒಂದೇ ರಾತ್ರಿಯಲ್ಲಿ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಕಿಬ್ಬೊಟ್ಟೆ ಉಬ್ಬಿ, ಸಹಿಸಲಾಗದ ನೋವಿನಲ್ಲಿ, ಒಂದು ಹನಿಯೂ ಹೋಗದೆ ಒದ್ದಾಡುವ ಆ ಸ್ಥಿತಿಗೆ ಬಾರ್ಲಿ ನೀರಾಗಲಿ, ಬಾಳೆದಿಂಡಿನ ರಸವಾಗಲಿ ಉತ್ತರವಲ್ಲ, ಕುಡಿಸಿದಷ್ಟೂ ನೋವು ಹೆಚ್ಚುತ್ತದೆ. ತಕ್ಷಣ ಆಸ್ಪತ್ರೆಗೆ ಕರೆದೊಯ್ದು ಮೂತ್ರ ಹೊರಬಿಡುವ ಕೊಳವೆಯಾದ ಕ್ಯಾತಿಟರ್ ಹಾಕಿಸುವುದೊಂದೇ ದಾರಿ. ದೂರದ ಹಳ್ಳಿಗಳಲ್ಲಿ, ಮರ ಬಿದ್ದು ರಸ್ತೆ ಮುಚ್ಚುವ ದಿನಗಳಲ್ಲಿ, ಬೆಳಗಾಗಲಿ ಎಂದು ಕಾಯುವುದಕ್ಕಿಂತ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಹೊರಡುವುದು ಒಳ್ಳೆಯದು.

ಏಳುವುದರಷ್ಟೇ ಗಂಭೀರವಾದದ್ದು ಎದ್ದ ಮೇಲೆ ಬೀಳುವುದು. ಹಳೆಯ ಮನೆಗಳಲ್ಲಿ ಶೌಚಾಲಯ ಮನೆಯಿಂದ ಹೊರಗೆ, ಕೊಟ್ಟಿಗೆಯ ಆಚೆಗೆ ಇರುತ್ತದೆ. ಅಂಗಳಕ್ಕೆ ಸೋಗೆ ಹಾಸಿದ್ದರೂ ಮೆಟ್ಟಿಲ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಕರೆಂಟು ಇರುವುದಿಲ್ಲ, ನಿದ್ದೆಗಣ್ಣು, ಕೈಯಲ್ಲಿ ಕೊಡೆ. ಬೆಚ್ಚಗಿನ ಕಂಬಳಿಯಿಂದ ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿಯುತ್ತದೆ, ನಿಂತು ಮೂತ್ರ ಮಾಡುವಾಗ ಇನ್ನೂ ಇಳಿದು ಕೆಲವರು ಅಲ್ಲೇ ಎಚ್ಚರ ತಪ್ಪುತ್ತಾರೆ. ಸೊಂಟದ ಮೂಳೆ ಮುರಿದ ಮೇಲೆ ಹಿರಿಯರೊಬ್ಬರ ಬದುಕು ಮತ್ತೆ ಮೊದಲಿನಂತಾಗುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತಿದೆ. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಏಳಬೇಕು, ರಾತ್ರಿ ಕೂತೇ ಮೂತ್ರ ಮಾಡಬೇಕು. ಮಲಗುವ ಕೋಣೆಯಲ್ಲೇ ಯೂರಿನಲ್ ಬಾಟಲಿ ಇಟ್ಟುಕೊಳ್ಳುವುದಕ್ಕೆ ಮನೆಯವರು ಮೂಗು ಮುರಿಯಬಾರದು. ಇನ್ನೂರು ರೂಪಾಯಿಯೊಳಗೆ ಸಿಗುವ ವಸ್ತುವೊಂದು ಒಂದು ಶಸ್ತ್ರಚಿಕಿತ್ಸೆಯನ್ನು ತಪ್ಪಿಸಬಹುದು.

ವೈದ್ಯರಲ್ಲಿ ಹೋದಾಗ ಏನಾಗುತ್ತದೆ ಎಂಬ ಭಯ ಅನೇಕರಿಗಿದೆ. ಏಳು ಪ್ರಶ್ನೆಗಳಿಗೆ ಅಂಕ ಕೊಡುವ ಒಂದು ಹಾಳೆಯಿದೆ, 35ರಲ್ಲಿ 7ರವರೆಗೆ ಸೌಮ್ಯ, 19ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ಮೂತ್ರ ಪರೀಕ್ಷೆ, ಸಕ್ಕರೆ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಬೆರಳಿನಿಂದ ಪ್ರಾಸ್ಟೇಟ್ ಪರೀಕ್ಷೆ, ಬೇಕೆನಿಸಿದರೆ ಪ್ರಾಸ್ಟೇಟಿಗೆ ಸಂಬಂಧಿಸಿದ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ; ಅದು ಸೋಂಕಿನಿಂದಲೂ ಗ್ರಂಥಿ ದೊಡ್ಡದಾದದ್ದರಿಂದಲೂ ಏರುತ್ತದೆಯಾದ್ದರಿಂದ ಏರಿದ ಕೂಡಲೇ ಕ್ಯಾನ್ಸರ್ ಎಂದು ಕುಸಿಯಬೇಕಾಗಿಲ್ಲ. ಮೂತ್ರದ ಧಾರೆಯ ವೇಗ ಅಳೆಯುವ ಯಂತ್ರದಲ್ಲಿ ಸೆಕೆಂಡಿಗೆ 15 ಮಿಲಿಲೀಟರ್ ಮೀರಿದರೆ ಸಾಮಾನ್ಯವಾಗಿ ತೃಪ್ತಿಕರ, 10ಕ್ಕಿಂತ ಕಡಿಮೆಯಾದರೆ ಅಡ್ಡಿಯೋ ದೌರ್ಬಲ್ಯವೋ ಇದೆ ಎಂದರ್ಥ.

ಔಷಧಗಳಲ್ಲಿ ಟ್ಯಾಮ್ಸುಲೋಸಿನ್ ಮೂತ್ರಕೋಶದ ಕುತ್ತಿಗೆಯ ಬಿಗಿತವನ್ನು ಕೆಲವೇ ದಿನಗಳಲ್ಲಿ ಸಡಿಲಿಸುತ್ತದೆ. ಎದ್ದಾಗ ತಲೆಸುತ್ತು ಬರಬಹುದು, ಕಣ್ಣಿನ ಪೊರೆಯ ಆಪರೇಷನ್ ಮಾಡಿಸುವವರು ಈ ಮಾತ್ರೆಯ ವಿಷಯವನ್ನು ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಲೇಬೇಕು, ಏಕೆಂದರೆ ಆಪರೇಷನ್ ಹೊತ್ತಿನಲ್ಲಿ ಕಣ್ಣಿನ ಪಾಪೆ ಸರಿಯಾಗಿ ಹಿಗ್ಗದೆ ತೊಡಕಾಗುತ್ತದೆ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ, ಪರಿಣಾಮ ತಿಳಿಯಲು ಆರು ತಿಂಗಳು ಬೇಕು, ಪಿ.ಎಸ್.ಎ. ಅಂಕಿಯನ್ನು ಸರಿಸುಮಾರು ಅರ್ಧಕ್ಕೆ ಇಳಿಸುವುದರಿಂದ ವರದಿ ಓದುವವರಿಗೆ ಅದು ಗೊತ್ತಿರಬೇಕು. ಆಪರೇಷನ್ ಬೇಕಾದವರಿಗೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಗ್ರಂಥಿಯ ಒಳಭಾಗವನ್ನು ಕೆರೆದು ತೆಗೆಯುವ ವಿಧಾನ ದಶಕಗಳಿಂದ ನಡೆಯುತ್ತಿದೆ, ಈಗ ಲೇಸರ್ ಕೂಡ ಬಂದಿದೆ. ಅವಸರವೇ ಮುಖ್ಯ ತೊಂದರೆಯಾದವರು ಓಡಬಾರದು. ಇದ್ದಲ್ಲೇ ನಿಂತು, ಗಾಳಿ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದಾರು ಸಲ ಬಿಗಿದು ಬಿಟ್ಟರೆ ಅವಸರದ ಅಲೆ ಇಳಿಯುತ್ತದೆ, ಆಮೇಲೆ ನಡೆಯಬೇಕು. ಮುಗಿದ ಮೇಲೂ ಹನಿ ಬೀಳುವವರು ವೃಷಣದ ಹಿಂಭಾಗದಿಂದ ಮುಂದಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ನಾಳದಲ್ಲಿ ಉಳಿದದ್ದು ಹೊರಬರುತ್ತದೆ.

ಕಾಯದೆ ತೋರಿಸಬೇಕಾದವು ಕೆಲವಿವೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತುಹೋದರೂ, ಹೋಗಲೇಬೇಕು, ಅದರಲ್ಲೂ ಬೀಡಿ ಸಿಗರೇಟು ಸೇದಿದವರು. ಮೂತ್ರಕೋಶದ ಕ್ಯಾನ್ಸರಿಗೆ ಧೂಮಪಾನವೇ ದೊಡ್ಡ ಕಾರಣ. ಚಳಿಜ್ವರದ ಜೊತೆ ಉರಿಮೂತ್ರವಿದ್ದರೂ ಅಷ್ಟೆ. ಇನ್ನೊಂದು ಲಕ್ಷಣವನ್ನು ಮನೆಯವರೇ ಮೊದಲು ಕಾಣುವುದು: ಎಂದೂ ಹಾಗೆ ಮಾಡದ ಹಿರಿಯರು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದರೆ, ಮೂತ್ರಕೋಶ ನೋವಿಲ್ಲದೆ ತುಂಬಿ ತುಳುಕುತ್ತಿರಬಹುದು, ಅದರ ಒತ್ತಡ ಮೇಲಕ್ಕೆ ಹೋಗಿ ಮೂತ್ರಪಿಂಡಗಳು ಕೆಡುತ್ತಿರಬಹುದು. ಅಂಥವರಿಗೆ ಡೈಪರ್ ತಂದುಕೊಟ್ಟು, ರಬ್ಬರ್ ಹಾಳೆ ಹಾಸಿ ಸುಮ್ಮನಾಗದೆ, ಆ ವಾರವೇ ಉಳಿಕೆ ಮೂತ್ರದ ಸ್ಕ್ಯಾನ್ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಲು ಬಸ್ಸಿನ ಅವಸರ ಅವರಿಗೆ ಭಯ ಹುಟ್ಟಿಸುತ್ತಿದ್ದರೆ ಕಾರು ಮಾಡಿಕೊಂಡು, ದಾರಿಯಲ್ಲಿ ಅವರು ಹೇಳಿದಲ್ಲೆಲ್ಲ ನಿಲ್ಲಿಸುತ್ತ ಕರೆದುಕೊಂಡು ಹೋಗಿ.